ಅರವತ್ತರ ನಂತರದ ದುಡಿಮೆ: ಲೋಭವೇ, ಧರ್ಮವೇ?

ಗೃಹಸ್ಥನು ನ್ಯಾಯಮಾರ್ಗದಿಂದ ಧನವನ್ನು ಸಂಪಾದಿಸಬೇಕು, ಸಂಪಾದಿಸಿದುದರಲ್ಲಿ ಮಿತವಾಗಿ ಬಾಳಬೇಕು, ಮಿಕ್ಕುದನ್ನು ಸತ್ಪಾತ್ರದಲ್ಲಿ ವಿನಿಯೋಗಿಸಬೇಕು ಎಂಬುದು ಶ್ರಾವಕಾಚಾರದ ಮೊದಲ ಪಾಠಗಳಲ್ಲೊಂದು. ಈ ಪಾಠವನ್ನು ಕೇಳದೆ ಬೆಳೆದ ಮಕ್ಕಳು ನಮ್ಮ ಮನೆಗಳಲ್ಲಿ ಇರಲಾರರು. ಆದರೆ ಎಷ್ಟು ವಯಸ್ಸಿನವರೆಗೆ ಸಂಪಾದಿಸಬೇಕು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ದುಡಿಯುವ ಶಕ್ತಿಯಿದ್ದು, ದುಡಿಯಬೇಕಾದ ಅಗತ್ಯವೂ ಇದ್ದು, ದುಡಿಮೆಯ ಬಾಗಿಲು ಮಾತ್ರ ಮುಚ್ಚಿಹೋದ ವೃದ್ಧನೊಬ್ಬನು ಕೆಲಸ ಕೇಳಿಕೊಂಡು ಬಂದಾಗ ಅವನನ್ನು ಲೋಭಿಯೆಂದು ತಿಳಿಯಬೇಕೆ, ದೀನನೆಂದು ಮರುಗಬೇಕೆ, ಅಥವಾ ಉಳಿದ ಅಭ್ಯರ್ಥಿಗಳಂತೆ ಅವನೂ ಒಬ್ಬ ಅಭ್ಯರ್ಥಿಯೆಂದು ಎಣಿಸಬೇಕೆ? ಮೇಲ್ನೋಟಕ್ಕೆ ಇದು ನೌಕರಿಯ ಪ್ರಶ್ನೆ. ಆಳದಲ್ಲಿ ಇದು ವ್ರತದ ಪ್ರಶ್ನೆ.

ಒಂದು ಉದಾಹರಣೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ವಿಚಾರ ಮಾಡುವುದು ಒಳ್ಳೆಯದು. ಒಂದು ಮಂಡಿಪೇಟೆಯ ಸಗಟು ಅಂಗಡಿಯ ಗುಮಾಸ್ತರನ್ನು ನೆನೆಯೋಣ. ಹೆಸರು ಬೇಡ, ವ್ಯಾಪಾರವಿರುವ ಊರುಗಳಲ್ಲೆಲ್ಲ ಇಂಥವರು ಇದ್ದಾರೆ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಗದ್ದಿಗೆಯ ಪಕ್ಕದ ಮೇಜಿಗೆ ಬಂದು ಕುಳಿತವರು ಮೂವತ್ತೆಂಟು ವರ್ಷ ಅಲ್ಲಿಯೇ ಕುಳಿತರು. ಕಿರ್ದಿ, ಖಾತೆವಹಿ, ತಾಳೆಪಟ್ಟಿಗಳು ಅವರ ಕೈಯಲ್ಲಿ ಎಂದೂ ತಪ್ಪಲಿಲ್ಲ. 1957ರ ಮಾರಾಟ ತೆರಿಗೆ ಕಾಯ್ದೆಯ ಲೆಕ್ಕವನ್ನು ಬರೆದರು. 2005ರ ಏಪ್ರಿಲ್‌ನಲ್ಲಿ ಮೌಲ್ಯವರ್ಧಿತ ತೆರಿಗೆ ಬಂದಾಗ ಅದನ್ನೂ ಕಲಿತರು. 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದು ಲೆಕ್ಕವೆಲ್ಲ ಗಣಕಯಂತ್ರಕ್ಕೆ ಹೋದ ಮೇಲೂ ಕೆಲವು ವರ್ಷ ಹೇಗೋ ನಡೆಯಿತು. ಬಳಿಕ ಮಾಲೀಕರು ತೀರಿಕೊಂಡರು; ಮಕ್ಕಳು ಲೆಕ್ಕವನ್ನು ನಗರದ ಲೆಕ್ಕಪರಿಶೋಧಕರ ಕಚೇರಿಗೆ ಒಪ್ಪಿಸಿದರು. ಗುಮಾಸ್ತರಿಗೆ ಶಾಲು ಹೊದಿಸಿ, ಫಲತಾಂಬೂಲವನ್ನೂ ಒಂದು ಬೆಳ್ಳಿಯ ದೀಪವನ್ನೂ ಕೊಟ್ಟು, ಇನ್ನು ವಿಶ್ರಾಂತಿ ತೆಗೆದುಕೊಳ್ಳಿರೆಂದು ನಮಸ್ಕರಿಸಿ ಕಳುಹಿಸಿದರು.

ನಮಸ್ಕಾರದಲ್ಲಿ ಕಪಟವಿರಲಿಲ್ಲ. ಆದರೆ ಆ ಅಂಗಡಿಯಲ್ಲಿದ್ದವರು ಏಳು ಜನ. ಭವಿಷ್ಯನಿಧಿಯ ಕಾನೂನು ಸಾಮಾನ್ಯವಾಗಿ ಇಪ್ಪತ್ತು ನೌಕರರಿರುವ ಸಂಸ್ಥೆಗೆ ಅನ್ವಯಿಸುತ್ತದೆ. ಉಪದಾನದ ಕಾನೂನು ಹತ್ತು ನೌಕರರಿರುವಲ್ಲಿಗೆ. ಹೀಗಾಗಿ ಮೂವತ್ತೆಂಟು ವರ್ಷಗಳ ಸೇವೆಯ ಕೊನೆಗೆ ಕಾನೂನಿನ ಪ್ರಕಾರ ಅವರಿಗೆ ಸಲ್ಲಬೇಕಾದುದು ಏನೂ ಇರಲಿಲ್ಲ. ಮಗಳ ಮದುವೆಯ ಸಾಲ ಅರ್ಧ ಉಳಿದಿತ್ತು. ಹೆಂಡತಿಗೆ ಪ್ರತಿ ತಿಂಗಳೂ ಔಷಧಿ ಬೇಕಿತ್ತು. ಅರವತ್ತೆರಡನೆಯ ವಯಸ್ಸಿನಲ್ಲಿ ಅವರು ಪೇಟೆಯ ಹನ್ನೊಂದು ಅಂಗಡಿಗಳ ಮೆಟ್ಟಿಲು ಹತ್ತಿದರು. ಒಬ್ಬರೂ ಅಗೌರವದಿಂದ ಮಾತನಾಡಲಿಲ್ಲ. ಎಲ್ಲರೂ ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ಕೊನೆಗೆ ಬಹುಮಂದಿ ಹೇಳಿದ ಮಾತು ಒಂದೇ: ತಮ್ಮಂಥ ಹಿರಿಯರಿಗೆ ಕೆಲಸ ಹೇಳುವುದಕ್ಕೆ ನಮಗೆ ಬಾಯಿ ಬರುವುದಿಲ್ಲ. ಗೌರವವೇ ನಿರಾಕರಣೆಯ ವೇಷವನ್ನು ಧರಿಸಿ ಬಂದಾಗ ಅದಕ್ಕೆ ಎದುರು ಮಾತನಾಡುವುದು ಕಷ್ಟ.

ವಯಸ್ಸಿನ ಗೆರೆಯನ್ನು ಎಳೆದವರು ಯಾರು?

ಅರವತ್ತಾದೊಡನೆ ಮನುಷ್ಯನ ದುಡಿಮೆ ಮುಗಿಯುತ್ತದೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಪ್ರಕೃತಿಯ ನಿಯಮವೆಂದೇ ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಇದು ಆಡಳಿತದ ಅನುಕೂಲಕ್ಕಾಗಿ ಎಳೆದ ಗೆರೆ. 1889ರಲ್ಲಿ ಬಿಸ್ಮಾರ್ಕನ ಜರ್ಮನಿಯಲ್ಲಿ ವೃದ್ಧಾಪ್ಯ ವಿಮೆಯ ಕಾನೂನು ಬಂದಾಗ ಪಿಂಚಣಿಗೆ ನಿಗದಿಯಾದ ವಯಸ್ಸು 70. 1916ರಲ್ಲಿ ಅದನ್ನು 65ಕ್ಕೆ ಇಳಿಸಲಾಯಿತು. ನಮ್ಮ ಕೇಂದ್ರ ಸರ್ಕಾರದ ನೌಕರರ ನಿವೃತ್ತಿಯ ವಯಸ್ಸು ಒಮ್ಮೆ 55 ಆಗಿತ್ತು; 1962ರಲ್ಲಿ 58 ಆಯಿತು; 1998ರಲ್ಲಿ 60 ಆಯಿತು. ಉಚ್ಚ ನ್ಯಾಯಾಲಯದ ನ್ಯಾಯಾಧೀಶರು 62ಕ್ಕೆ ನಿವೃತ್ತರಾಗುತ್ತಾರೆ. ಅವರೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರೆ 65ರವರೆಗೆ ನ್ಯಾಯ ಹೇಳಬಹುದು. ದೆಹಲಿಯ ಹವೆಗೆ ಬುದ್ಧಿಯನ್ನು ಮೂರು ವರ್ಷ ತಾರುಣ್ಯದಲ್ಲಿ ಇಡುವ ಗುಣವಿದೆಯೆಂದು ಇದರ ಅರ್ಥವಲ್ಲ. ನಿಯಮವು ನಿಯಮ ಮಾತ್ರ. ಅದು ಒಬ್ಬೊಬ್ಬ ಮನುಷ್ಯನ ಶಕ್ತಿಯನ್ನು ಅಳೆದು ಮಾಡಿದುದಲ್ಲ.

ಇತ್ತ ಆಯುಷ್ಯ ಬೆಳೆದಿದೆ. ನಮ್ಮ ದೇಶದಲ್ಲಿ ಅರವತ್ತನ್ನು ತಲಪಿದವರು ಇಂದು ಸರಾಸರಿ ಇನ್ನೂ 18 ವರ್ಷಗಳಷ್ಟು ಬದುಕುತ್ತಾರೆ. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ, ಎಂದರೆ ಜನಸಂಖ್ಯೆಯ ಶೇಕಡ 8.6. ಇವರಲ್ಲಿ ಸರ್ಕಾರದ ಪೂರ್ಣ ಪಿಂಚಣಿ ಪಡೆಯುವವರು ಅಲ್ಪಸಂಖ್ಯಾತರು. ಖಾಸಗಿ ಸಂಸ್ಥೆಗಳ ನೌಕರರಿಗೆ 1995ರ ಪಿಂಚಣಿ ಯೋಜನೆಯಡಿಯಲ್ಲಿ 2014ರಲ್ಲಿ ಗೊತ್ತುಪಡಿಸಿದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಅಂಗಡಿ ಗುಮಾಸ್ತರು, ಮಂಡಿಯ ತೂಕದವರು, ಖಾಸಗಿ ಶಾಲೆಯ ಶಿಕ್ಷಕರು, ಬಟ್ಟೆ ಅಂಗಡಿಯ ಮಾರಾಟಗಾರರು, ಮನೆಮನೆಗೆ ಹೋಗಿ ಅಡುಗೆ ಮಾಡುವ ಹೆಣ್ಣುಮಕ್ಕಳು — ಇವರಲ್ಲಿ ಎಷ್ಟೋ ಜನಕ್ಕೆ ಅದೂ ಇಲ್ಲ. ಹದಿನೆಂಟು ವರ್ಷಗಳ ಆಯುಷ್ಯವನ್ನು ಕೊಟ್ಟು ಅನ್ನದ ದಾರಿಯನ್ನು ಮುಚ್ಚುವ ವ್ಯವಸ್ಥೆಗೆ ವಿಶ್ರಾಂತಿ ಎಂಬ ಹೆಸರು ಒಪ್ಪುವುದಿಲ್ಲ.

ವಯಸ್ಸಿನ ಮಿತಿ ಎಲ್ಲೆಡೆಯೂ ಅನ್ಯಾಯವೆಂದು ಹೇಳುವುದೂ ಸರಿಯಲ್ಲ. ವಾಣಿಜ್ಯ ವಿಮಾನದ ಚಾಲಕರಿಗೆ 65ರ ಮಿತಿಯಿದೆ. ನೂರಾರು ಪ್ರಾಣಗಳು ಒಬ್ಬರ ಕಣ್ಣು ಕೈಗಳನ್ನು ನಂಬಿರುವಲ್ಲಿ ಅಂಥ ಎಚ್ಚರ ಅಹಿಂಸೆಯ ಭಾಗವೇ ಆಗಿದೆ. ಆದರೆ ಖಾತೆವಹಿ ಬರೆಯುವವನಿಗೂ ವಿಮಾನ ಹಾರಿಸುವವನಿಗೂ ಒಂದೇ ಅಳತೆಯನ್ನು ಹಿಡಿಯುವುದು ವಿವೇಕವಲ್ಲ. ಕೆಲಸವನ್ನು ನೋಡಿ ಶಕ್ತಿಯನ್ನು ಪರೀಕ್ಷಿಸಬೇಕು. ಹುಟ್ಟಿದ ವರ್ಷವನ್ನು ನೋಡಿ ಪರೀಕ್ಷೆಯನ್ನೇ ತಪ್ಪಿಸಬಾರದು.

ನಿವೃತ್ತಿ ಬೇರೆ, ತ್ಯಾಗ ಬೇರೆ

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ನಮ್ಮ ಧರ್ಮವು ತ್ಯಾಗಪ್ರಧಾನವಾದುದು. ವಯಸ್ಸಾದಂತೆ ವ್ಯವಹಾರದಿಂದ ಹಿಂದೆ ಸರಿಯುವುದೇ ಶ್ರೇಯಸ್ಕರ. ಹೀಗಿರಲಾಗಿ ಅರವತ್ತು ದಾಟಿದವರು ಮತ್ತೆ ಸಂಬಳದ ಆಸೆಗೆ ಬೀಳುವುದು ಎಷ್ಟು ಸರಿ ಎಂದು ಕೇಳುವವರಿದ್ದಾರೆ. ಈ ಆಕ್ಷೇಪ ಹಗುರವಾದುದಲ್ಲ. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಎಂಟನೆಯದು ಆರಂಭತ್ಯಾಗ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ನಿರೂಪಿಸುವಾಗ ಸೇವೆ, ಕೃಷಿ, ವಾಣಿಜ್ಯ ಮೊದಲಾದ ಉದ್ಯೋಗಗಳಿಂದ ವಿರತನಾಗುವುದನ್ನು ಹೇಳಿದ್ದಾರೆ. ಸೇವೆಯೆಂದರೆ ಇನ್ನೊಬ್ಬರಲ್ಲಿ ಮಾಡುವ ನೌಕರಿ. ಹಾಗಾದರೆ ನೌಕರಿಯನ್ನು ಬಿಡುವುದು ಮೇಲಿನ ಮೆಟ್ಟಿಲೆಂಬುದು ನಿರ್ವಿವಾದ.

ಆದರೆ ಅದು ಎಂಟನೆಯ ಮೆಟ್ಟಿಲು ಎಂಬುದನ್ನು ಮರೆಯಬಾರದು. ಅದರ ಕೆಳಗೆ ದರ್ಶನ, ವ್ರತ, ಸಾಮಾಯಿಕ ಮೊದಲಾಗಿ ಏಳು ಮೆಟ್ಟಿಲುಗಳಿವೆ. ಅವುಗಳನ್ನು ತನ್ನ ಇಚ್ಛೆಯಿಂದ, ತನ್ನ ಕಾಲಿನಿಂದ ಏರಿದವನು ಅಲ್ಲಿಗೆ ತಲಪುತ್ತಾನೆ. ಆ ಪ್ರತಿಮೆಗೆ ವಯಸ್ಸು ಕಾರಣವಲ್ಲ, ವಿರಕ್ತಿ ಕಾರಣ. ಮಾಲೀಕನು ಬೇಡವೆಂದುದರಿಂದ ಮನೆಗೆ ಬಂದು ಕುಳಿತವನು ಎಂಟನೆಯ ಪ್ರತಿಮೆಯನ್ನು ಧರಿಸಿದವನಾಗುವುದಿಲ್ಲ. ಕೈಯಲ್ಲಿದ್ದ ಹಣ್ಣನ್ನು ಇನ್ನೊಬ್ಬರಿಗೆ ಕೊಟ್ಟವನಿಗೂ, ಹಣ್ಣನ್ನು ಯಾರೋ ಕಸಿದುಕೊಂಡವನಿಗೂ ಹಸಿವು ಒಂದೇ ಇರಬಹುದು. ಪರಿಣಾಮ ಒಂದೇ ಅಲ್ಲ. ಮೊದಲನೆಯವನಲ್ಲಿ ಶಾಂತಿ ಬೆಳೆಯುತ್ತದೆ, ಎರಡನೆಯವನಲ್ಲಿ ಆರ್ತಧ್ಯಾನ ಬೆಳೆಯುತ್ತದೆ.

ಆದಿತೀರ್ಥಂಕರರ ಚರಿತ್ರೆಯೇ ಇದಕ್ಕೆ ಬೆಳಕು ನೀಡುತ್ತದೆ. ಕಲ್ಪವೃಕ್ಷಗಳು ಮರೆಯಾಗಿ ಪ್ರಜೆಗಳು ಜೀವನೋಪಾಯವಿಲ್ಲದೆ ಕಂಗೆಟ್ಟಾಗ ವೃಷಭಸ್ವಾಮಿಯು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಕರ್ಮಗಳನ್ನು ಉಪದೇಶಿಸಿದನು. ಕೆಲಸವಿಲ್ಲದ ಪ್ರಜೆಗೆ ಅವನು ಮೊದಲು ಕೊಟ್ಟುದು ವೈರಾಗ್ಯದ ಬೋಧೆಯನ್ನಲ್ಲ, ಬದುಕುವ ವೃತ್ತಿಯನ್ನು. ಶಾಯಿ ಲೇಖನಿಗಳ ಗುಮಾಸ್ತಿಕೆಯೂ ಆ ಆರರಲ್ಲಿ ಮಸಿಕರ್ಮವಾಗಿ ಸೇರಿದೆ. ಅದೇ ಸ್ವಾಮಿಯು ಮುಂದೆ ನೀಲಾಂಜನೆಯ ನೃತ್ಯದ ನಡುವೆ ಅವಳ ಆಯುಷ್ಯ ಕಳೆದುದನ್ನು ಕಂಡು ಸಿಂಹಾಸನವನ್ನು ತೊರೆದನು. ಕನ್ನಡಿಗರಿಗೆ ಈ ಕಥೆ ಕ್ರಿ.ಶ. 941ರ ಪಂಪನ ಆದಿಪುರಾಣದ ಮೂಲಕ ಮನೆಮಾತಾಗಿದೆ. ಆ ತ್ಯಾಗ ಒಳಗಿನ ಅರಿವಿನಿಂದ ಬಂದುದು. ಯಾರೂ ಅವನಿಗೆ ನಿವೃತ್ತಿಯ ಆಜ್ಞಾಪತ್ರವನ್ನು ಕಳುಹಿಸಲಿಲ್ಲ. ಬಲವಂತದ ಬರಿಗೈಯನ್ನು ತ್ಯಾಗವೆಂದು ಹೊಗಳುವುದು ತ್ಯಾಗಕ್ಕೂ ಅವಮಾನ, ಬರಿಗೈಯವನಿಗೂ ಅವಮಾನ.

ಕೆಲಸ ಕೇಳುವವರ ಭಾವಭೇದ

ಕೆಲಸ ಕೇಳಿ ಬರುವ ಹಿರಿಯರೆಲ್ಲರೂ ಒಂದೇ ಬಗೆಯವರಲ್ಲ. ಕ್ರಿಯೆ ಒಂದೇ ಆದರೂ ಭಾವ ಬೇರೆ. ಮೊದಲನೆಯವರು ಅನ್ನಕ್ಕಾಗಿ, ಔಷಧಿಗಾಗಿ, ಸಾಲ ತೀರಿಸುವುದಕ್ಕಾಗಿ ಬರುವವರು. ಇವರ ದುಡಿಮೆಯನ್ನು ಲೋಭವೆಂದು ಕರೆಯುವುದು ಪಾಪ. ಸಾಲವನ್ನು ತೀರಿಸದೆ ಜಪಮಣಿ ಹಿಡಿದು ಕುಳಿತರೆ ಅದು ಅಚೌರ್ಯವ್ರತಕ್ಕೇ ಕಳಂಕ. ಎರಡನೆಯವರು ಹೊಟ್ಟೆಗೆ ಕೊರತೆಯಿಲ್ಲದಿದ್ದರೂ ಮನಸ್ಸಿಗೆ ನೆಲೆಯಿಲ್ಲದವರು. ನಲವತ್ತು ವರ್ಷ ಬೆಳಿಗ್ಗೆ ಒಂಬತ್ತಕ್ಕೆ ಹೊರಟ ಕಾಲುಗಳು ಹಠಾತ್ತನೆ ನಿಂತಾಗ ಮನುಷ್ಯನಿಗೆ ತಾನು ಯಾರಿಗೂ ಬೇಡವಾದೆನೆಂಬ ಭಯ ಹುಟ್ಟುತ್ತದೆ. ಇವರಿಗೆ ಬೇಕಾದುದು ಸಂಬಳಕ್ಕಿಂತ ಹೆಚ್ಚಾಗಿ ಉಪಯೋಗ. ಮೂರನೆಯವರು ಸಾಕಷ್ಟು ಪಿಂಚಣಿ, ಬಾಡಿಗೆ, ಬಡ್ಡಿಗಳಿದ್ದೂ ಇನ್ನೊಂದು ಆದಾಯವನ್ನು ಹುಡುಕುವವರು.

ಮೂರನೆಯವರಿಗೆ ಪರಿಗ್ರಹಪರಿಮಾಣವ್ರತವು ನೇರವಾಗಿ ಒಂದು ಪ್ರಶ್ನೆಯನ್ನು ಕೇಳುತ್ತದೆ: ಎಷ್ಟಾದರೆ ಸಾಕೆಂದು ನೀವು ಎಂದಾದರೂ ಬರೆದಿಟ್ಟಿರಾ? ಬರೆದಿಟ್ಟ ಮಿತಿಯನ್ನು ಮುಟ್ಟಿದ ಮೇಲೆ ಬರುವ ಸಂಬಳ ಅವರದಲ್ಲ. ಅವರು ದುಡಿಯಬಾರದೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ಸಂಬಳವಿಲ್ಲದೆಯೇ ಮಾಡಬಹುದಾದ ಕೆಲಸಗಳು ಅವರಿಗಾಗಿ ಕಾದಿವೆ. ಸಂಬಳದ ಸ್ಥಾನವನ್ನು ಮೊದಲನೆಯವರಿಗೆ ಬಿಟ್ಟುಕೊಡುವುದೇ ಅವರ ದಾನ. ಹೊರಗಿನಿಂದ ನೋಡುವವರಿಗೆ ಈ ಮೂವರ ಭೇದ ತಿಳಿಯುವುದಿಲ್ಲವೆಂಬುದನ್ನೂ ನೆನಪಿಡಬೇಕು. ಮಡಿ ಶರಟು ಹಾಕಿಕೊಂಡು ಬಂದವರಿಗೆ ಕೊರತೆಯಿಲ್ಲವೆಂದು ಎಣಿಸಿ ಬಿಡುವುದು ಏಕಾಂತದೃಷ್ಟಿ. ಮಾನವಂತರ ಬಡತನ ಇಸ್ತ್ರಿಯ ಹಿಂದೆ ಅಡಗಿರುತ್ತದೆ.

ಕೆಲಸ ಕೊಡುವವರ ಅತಿಚಾರಗಳು

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಎತ್ತಿನ ಮೇಲೆ ಅತಿಭಾರ ಹೇರಬಾರದು, ಕಟ್ಟಿದ ಪ್ರಾಣಿಗೆ ಮೇವು ನೀರು ತಪ್ಪಿಸಬಾರದು ಎಂದು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಎತ್ತಿನ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗಿರುವ ಮನಸ್ಸು ಗುಮಾಸ್ತನ ವಿಷಯದಲ್ಲಿ ಒರಟಾಗಬಾರದು. ಮೂವತ್ತೆಂಟು ವರ್ಷ ನಮ್ಮ ಗದ್ದಿಗೆಯನ್ನು ನಂಬಿ ಬಾಳಿದವನನ್ನು ಒಂದು ಶಾಲು ಹೊದಿಸಿ ಕಳುಹಿಸಿದರೆ, ಕಾನೂನು ಸುಮ್ಮನಿದ್ದರೂ ಅನ್ನಪಾನನಿರೋಧದ ಮಾತು ಕಿವಿಯಲ್ಲಿ ಗುಂಯ್‌ಗುಡಬೇಕು. ಹತ್ತು ನೌಕರರಿಲ್ಲವೆಂಬುದು ಸರ್ಕಾರಿ ನಿರೀಕ್ಷಕರಿಗೆ ಉತ್ತರವಾದೀತು. ಪ್ರತಿಕ್ರಮಣಕ್ಕೆ ಕುಳಿತಾಗ ಅದು ಉತ್ತರವಾಗದು.

ಅತಿಭಾರಾರೋಪಣವು ಇನ್ನೊಂದು ರೂಪದಲ್ಲಿ ಬರುತ್ತದೆ. ನಗರಗಳ ವಸತಿ ಸಮುಚ್ಚಯಗಳ ದ್ವಾರದಲ್ಲಿ ಕಾವಲುಗಾರರಾಗಿ ನಿಂತ ವೃದ್ಧರನ್ನು ನಾವು ದಿನವೂ ಕಾಣುತ್ತೇವೆ. ಅನೇಕ ಕಡೆ ಅವರ ಪಾಳಿ ಹನ್ನೆರಡು ಗಂಟೆ. ವಾಹನ ಬಂದಾಗಲೆಲ್ಲ ಎದ್ದು ನಿಲ್ಲಬೇಕು. ಬೇರೆಲ್ಲಿಯೂ ಕೆಲಸ ಸಿಗದವನು ಸಿಕ್ಕಿದುದನ್ನು ಬಿಡಲಾರನೆಂಬ ಲೆಕ್ಕಾಚಾರವೇ ಆ ಭಾರವನ್ನು ಹೇರುತ್ತದೆ. ವೃದ್ಧರಿಗೆ ಕೆಲಸ ಕೊಟ್ಟೆವೆಂದು ಅಲ್ಲಿ ಹೆಮ್ಮೆಪಡುವಂತಿಲ್ಲ. ಕನಿಷ್ಠಪಕ್ಷ ಒಂದು ಕುರ್ಚಿ, ಒಂದು ಶೌಚಾಲಯ, ಎಂಟು ಗಂಟೆಯ ಪಾಳಿ — ಇಷ್ಟನ್ನು ಕೊಡುವುದು ಆ ಸಮುಚ್ಚಯದಲ್ಲಿ ಮನೆ ಹೊಂದಿರುವ ಪ್ರತಿಯೊಬ್ಬ ಶ್ರಾವಕನ ಹೊಣೆಗಾರಿಕೆ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ ಒಂದು. ಕೊಳ್ಳುವಾಗ ದೊಡ್ಡ ಅಳತೆ, ಕೊಡುವಾಗ ಚಿಕ್ಕ ಅಳತೆ ಹಿಡಿಯುವುದು ಇದರ ಅರ್ಥವೆಂದು ವ್ಯಾಪಾರಿಗಳೆಲ್ಲರೂ ಬಲ್ಲರು. ಆದರೆ ಈ ದೋಷ ತಕ್ಕಡಿಗೆ ಮಾತ್ರ ಸೀಮಿತವೆ? ಮೂವತ್ತರ ಯುವಕನಿಗೆ ಹದಿನೆಂಟು ಸಾವಿರ ಕೊಡುವ ಕೆಲಸಕ್ಕೆ ಅರವತ್ತೆರಡರ ಹಿರಿಯನನ್ನು ಕೂರಿಸಿ ಎಂಟು ಸಾವಿರ ಕೊಟ್ಟರೆ, ದುಡಿಮೆಯನ್ನು ಪೂರ್ಣ ಸೇರಿನಲ್ಲಿ ಅಳೆದುಕೊಂಡು ವೇತನವನ್ನು ಅರ್ಧ ಸೇರಿನಲ್ಲಿ ಅಳೆದಂತಾಯಿತು. ಕೆಲಸ ಕಡಿಮೆಯಾದರೆ ವೇತನ ಕಡಿಮೆಯಾಗಲಿ, ಅದರಲ್ಲಿ ಅನ್ಯಾಯವಿಲ್ಲ. ಕೆಲಸ ಅಷ್ಟೇ ಇದ್ದು ವಯಸ್ಸು ಹೆಚ್ಚೆಂಬ ಕಾರಣಕ್ಕೆ ವೇತನ ಇಳಿದರೆ ಅದು ಅಳತೆಯ ಮೋಸ.

ಈ ಮಾತನ್ನು ಬಸದಿಗಳ ಹಾಗೂ ಧರ್ಮಸಂಸ್ಥೆಗಳ ವಿಶ್ವಸ್ಥ ಮಂಡಳಿಗಳು ವಿಶೇಷವಾಗಿ ಆಲೋಚಿಸಬೇಕಾಗಿದೆ. ನಮ್ಮ ಕಚೇರಿಗಳಲ್ಲಿ, ಛತ್ರಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ ಹಿರಿಯರು ಕೆಲಸ ಮಾಡುತ್ತಿರುವುದು ಹೊಸತಲ್ಲ. ಅವರಿಗೆ ಕೊಡುವುದನ್ನು ವೇತನವೆನ್ನದೆ ಗೌರವಧನವೆನ್ನುತ್ತೇವೆ. ಹೆಸರು ಸೊಗಸಾಗಿದೆ. ಆದರೆ ಕೆಲವೆಡೆ ಆ ಸೊಗಸಾದ ಹೆಸರೇ ಮೊತ್ತವನ್ನು ತಗ್ಗಿಸುವ ಉಪಾಯವಾಗಿದೆ. ಧರ್ಮಕಾರ್ಯವಲ್ಲವೆ, ಸೇವೆಯೆಂದು ತಿಳಿಯಿರಿ ಎಂದು ಹೇಳಿದಾಗ ಹಿರಿಯನು ಇಲ್ಲವೆನ್ನಲಾರನು. ಸೇವೆಯನ್ನು ಅರ್ಪಿಸುವವನು ತಾನಾಗಿ ಅರ್ಪಿಸಬೇಕು. ಕೇಳಿ ಪಡೆದ ಸೇವೆ, ಕೊಡದೆ ಉಳಿಸಿದ ಸಂಬಳವೇ ಆಗುತ್ತದೆ. ಮೇಲೆ ಹೇಳಿದ ಗುಮಾಸ್ತರಿಗೂ ಹನ್ನೊಂದು ಅಂಗಡಿಗಳ ನಂತರ ಇಂಥ ಒಂದು ಕರೆ ಬಂದಿತು. ಇಡೀ ದಿನದ ಕೆಲಸ, ಮೂರರಲ್ಲೊಂದು ಭಾಗ ಹಣ. ಅವರು ಎರಡು ದಿನ ಯೋಚಿಸಿ ಒಪ್ಪಿಕೊಂಡರು. ಔಷಧಿ ಅಂಗಡಿಯವನು ಗೌರವವನ್ನು ಹಣವಾಗಿ ಸ್ವೀಕರಿಸುವುದಿಲ್ಲವಷ್ಟೆ.

ಅಭ್ಯರ್ಥಿಯ ಸತ್ಯ

ದೋಷಗಳೆಲ್ಲ ಒಂದೇ ಕಡೆ ಇವೆಯೆಂದು ಹೇಳಿದರೆ ಅದು ಅನೇಕಾಂತವಾಗುವುದಿಲ್ಲ. ಕೆಲಸ ಹುಡುಕುವ ಹಿರಿಯರಿಗೂ ಪರೀಕ್ಷೆಗಳಿವೆ. ಅವುಗಳಲ್ಲಿ ಮುಖ್ಯವಾದುದು ಸತ್ಯದ ಪರೀಕ್ಷೆ. ಅರ್ಜಿಯಲ್ಲಿ ವಯಸ್ಸನ್ನು ಕಡಿಮೆ ಬರೆಯಿರಿ, ದಾಖಲೆಯನ್ನು ಸ್ವಲ್ಪ ತಿದ್ದಿಸಿರಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಕೂಟಲೇಖಕ್ರಿಯೆ ಸತ್ಯಾಣುವ್ರತದ ಅತಿಚಾರ. ಅನ್ಯಾಯದ ಗೆರೆಯನ್ನು ದಾಟಲು ಸುಳ್ಳಿನ ಸೇತುವೆ ಕಟ್ಟಿದವನು ಪ್ರತಿದಿನವೂ ಆ ಸೇತುವೆ ಕುಸಿಯುವ ಭಯದಲ್ಲಿ ನಡೆಯಬೇಕಾಗುತ್ತದೆ. ಆದರೆ ಹೇಳದಿರುವುದಕ್ಕೂ ಸುಳ್ಳು ಹೇಳುವುದಕ್ಕೂ ವ್ಯತ್ಯಾಸವಿದೆ. ಕೇಳದಿದ್ದಾಗ ಹುಟ್ಟಿದ ವರ್ಷವನ್ನು ಮೊದಲ ಸಾಲಿನಲ್ಲಿಯೇ ಬರೆಯಬೇಕಾಗಿಲ್ಲ. ಮಾಡಬಲ್ಲ ಕೆಲಸವನ್ನು ಮೊದಲು ಬರೆಯಬಹುದು. ಕೇಳಿದಾಗ ಸತ್ಯವನ್ನೇ ಹೇಳಬೇಕು. ಕೆಲಸಕ್ಕೆ ಅಡ್ಡಬರುವ ಕಾಯಿಲೆಯಿದ್ದರೆ ಕೇಳದಿದ್ದರೂ ಹೇಳಬೇಕು. ಏಕೆಂದರೆ ಅದನ್ನು ಮುಚ್ಚಿಟ್ಟರೆ ಇನ್ನೊಬ್ಬರಿಗೆ ಹಾನಿ.

ಎರಡನೆಯ ಪರೀಕ್ಷೆ ಮಾನಕಷಾಯದ್ದು. ನಲವತ್ತು ವರ್ಷಗಳ ಅನುಭವ ಆಸ್ತಿಯೂ ಹೌದು, ಹೊರೆಯೂ ಹೌದು. ಇಪ್ಪತ್ತೈದರ ಹುಡುಗಿಯೊಬ್ಬಳು ಗಣಕಯಂತ್ರದ ಮುಂದೆ ಕೂರಿಸಿ ಹೀಗೆ ಮಾಡಬೇಕೆಂದು ತೋರಿಸಿದಾಗ, ನಾನು ಲೆಕ್ಕ ಬರೆಯುವಾಗ ನೀನು ಹುಟ್ಟಿರಲಿಲ್ಲ ಎಂದರೆ ಆ ದಿನವೇ ಕಲಿಕೆ ನಿಂತಿತು. ದ್ವಿದಾಖಲೆಯ ತತ್ತ್ವ ಬದಲಾಗಿಲ್ಲ. ಬರೆಯುವ ಸಾಧನ ಮಾತ್ರ ಬದಲಾಗಿದೆ. ತಾಳೆಪಟ್ಟಿ ಏಕೆ ಹೊಂದುತ್ತಿಲ್ಲವೆಂದು ಹುಡುಕುವ ಕಣ್ಣು ಹಳೆಯ ಗುಮಾಸ್ತನದು. ಬೆರಳು ಮಾತ್ರ ಹೊಸದಾಗಿ ಕಲಿಯಬೇಕು. ಮೂರು ತಿಂಗಳ ವಿನಯ ಹತ್ತು ವರ್ಷಗಳ ಅನ್ನಕ್ಕೆ ದಾರಿಯಾಗಬಲ್ಲದು.

ಯುವಕರ ಅನ್ನವನ್ನು ಕಸಿದಂತಾಗುವುದೆ?

ಪದವೀಧರ ಯುವಕರೇ ಕೆಲಸವಿಲ್ಲದೆ ಅಲೆಯುತ್ತಿರುವಾಗ ವೃದ್ಧರಿಗೆ ಏಕೆ ಎಂಬುದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ದೇಶದಲ್ಲಿ ಕೆಲಸಗಳ ಸಂಖ್ಯೆ ಒಂದು ರೊಟ್ಟಿಯಂತೆ ನಿಶ್ಚಿತವಾಗಿದೆ, ಒಬ್ಬನು ತಿಂದರೆ ಇನ್ನೊಬ್ಬನಿಗೆ ಇಲ್ಲ ಎಂಬ ಕಲ್ಪನೆಯನ್ನು ಅರ್ಥಶಾಸ್ತ್ರಜ್ಞರು ತಪ್ಪೆಂದು ತೋರಿಸಿದ್ದಾರೆ. ದುಡಿಯುವ ಹಿರಿಯನು ಖರ್ಚು ಮಾಡುತ್ತಾನೆ. ಆ ಖರ್ಚು ಇನ್ನೊಬ್ಬರಿಗೆ ಕೆಲಸವಾಗುತ್ತದೆ. ದುಡಿಯದ ಹಿರಿಯನ ಭಾರವನ್ನು ಹೊರುವವನೂ ಮನೆಯ ಯುವಕನೇ. ಇದು ದೇಶದ ಲೆಕ್ಕ.

ಆದರೆ ಒಂದು ಅಂಗಡಿಯಲ್ಲಿ ಒಂದೇ ಕುರ್ಚಿಯಿದ್ದು, ಅದರ ಮುಂದೆ ಇಬ್ಬರು ನಿಂತಿದ್ದರೆ ದೇಶದ ಲೆಕ್ಕ ಅಲ್ಲಿ ಸಮಾಧಾನ ನೀಡದು. ಅಲ್ಲಿ ನಿಜವಾದ ಸಂಘರ್ಷವಿದೆ, ಅದನ್ನು ಮರೆಮಾಚಬಾರದು. ಇಂಥಲ್ಲಿ ಮಾರ್ಗವೊಂದೇ: ಕೆಲಸವನ್ನು ಪೂರ್ಣ ಕುರ್ಚಿಯೆಂದು ನೋಡದೆ ಅದರ ಭಾಗಗಳನ್ನು ನೋಡುವುದು. ನಿತ್ಯದ ನಮೂದು, ಓಡಾಟ ಯುವಕನಿಗಿರಲಿ. ವಾರಕ್ಕೆ ಎರಡು ದಿನ ಬಂದು ಪರಿಶೀಲಿಸುವುದು, ಹಳೆಯ ಬಾಕಿಗಳನ್ನು ತಿಳಿಸುವುದು, ಹೊಸಬನಿಗೆ ಕಲಿಸುವುದು ಹಿರಿಯನಿಗಿರಲಿ. ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬಾಳುತ್ತವೆಂಬ ಪರಸ್ಪರೋಪಗ್ರಹದ ತತ್ತ್ವವನ್ನು ನಮ್ಮ ಲಾಂಛನದ ಕೆಳಗೆ ಬರೆದುಕೊಂಡಿದ್ದೇವೆ. ಅದು ಅಂಗಡಿಯ ಒಳಗೂ ನಡೆಯಬೇಕು.

ಬೇರೆಡೆಯ ದಾರಿ, ನಮ್ಮ ದಾರಿ

ಇತರ ದೇಶಗಳು ಈ ವಿಷಯದಲ್ಲಿ ಎರಡು ಬಗೆಯ ಮಾರ್ಗಗಳನ್ನು ಹಿಡಿದಿವೆ. ಅಮೆರಿಕವು 1967ರಲ್ಲಿ ಕಾನೂನು ಮಾಡಿ, ನಲವತ್ತು ದಾಟಿದವರಿಗೆ ವಯಸ್ಸಿನ ಕಾರಣದಿಂದ ಕೆಲಸ ನಿರಾಕರಿಸುವುದನ್ನು ನಿಷೇಧಿಸಿತು. ನಮ್ಮ ಸಂವಿಧಾನದ 15 ಮತ್ತು 16ನೆಯ ವಿಧಿಗಳು ಧರ್ಮ, ಜನಾಂಗ, ಜಾತಿ, ಲಿಂಗ ಮುಂತಾದ ಕಾರಣಗಳಿಂದ ತಾರತಮ್ಯ ಕೂಡದೆನ್ನುತ್ತವೆ; ಆ ಪಟ್ಟಿಯಲ್ಲಿ ವಯಸ್ಸು ಇಲ್ಲ. 41ನೆಯ ವಿಧಿಯು ಕೆಲಸದ ಹಕ್ಕನ್ನೂ ವೃದ್ಧಾಪ್ಯದಲ್ಲಿ ನೆರವನ್ನೂ ಒಟ್ಟಿಗೆ ಹೇಳುತ್ತದೆ; ಆದರೆ ಅದು ರಾಜ್ಯನೀತಿಯ ನಿರ್ದೇಶಕ ತತ್ತ್ವ, ನ್ಯಾಯಾಲಯದಲ್ಲಿ ಕೇಳಿ ಪಡೆಯುವ ಹಕ್ಕಲ್ಲ. ಜಪಾನಿನ ಮಾರ್ಗ ಬೇರೆ. ಟೋಕಿಯೋ ನಗರದಲ್ಲಿ 1975ರಲ್ಲಿ ಆರಂಭವಾಗಿ 1986ರಲ್ಲಿ ಕಾನೂನಿನ ಮನ್ನಣೆ ಪಡೆದ ಹಿರಿಯರ ಉದ್ಯೋಗ ಕೇಂದ್ರಗಳು ಅಲ್ಲಿ ಊರೂರಿನಲ್ಲಿವೆ. ಅರವತ್ತು ದಾಟಿದವರು ಸದಸ್ಯರಾಗುತ್ತಾರೆ. ತೋಟದ ಕೆಲಸ, ಸಣ್ಣ ದುರಸ್ತಿ, ಬರವಣಿಗೆ, ಶುಚಿತ್ವ ಮುಂತಾದ ಹಗುರ ಕೆಲಸಗಳನ್ನು ಕೇಂದ್ರವು ಮನೆಗಳಿಂದ, ಸಂಸ್ಥೆಗಳಿಂದ ಪಡೆದು ಸದಸ್ಯರಿಗೆ ಹಂಚುತ್ತದೆ. ಮಾಡಿದಷ್ಟು ಕೆಲಸಕ್ಕೆ ತಕ್ಕ ಹಣ. ಅಲ್ಲಿ ದಾನದ ಮಾತಿಲ್ಲ.

ನಮ್ಮಲ್ಲಿಯೂ 2021ರ ಅಕ್ಟೋಬರ್ 1ರಂದು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವು ಹಿರಿಯರ ಮರುಉದ್ಯೋಗಕ್ಕಾಗಿ ನೋಂದಣಿಯ ವ್ಯವಸ್ಥೆಯೊಂದನ್ನು ಆರಂಭಿಸಿತು. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಹಿರಿಯರಿಗಾಗಿಯೇ ಉದ್ಯೋಗ ಮೇಳಗಳನ್ನು ನಡೆಸಿದೆ. ಇವು ಸ್ವಾಗತಾರ್ಹ. ಆದರೆ ಮಂಡಿಪೇಟೆಯ ಗುಮಾಸ್ತರನ್ನು ತಲಪುವುದಕ್ಕೆ ಅವರ ಊರಿನಲ್ಲಿಯೇ, ಅವರು ದಿನವೂ ದರ್ಶನಕ್ಕೆ ಬರುವ ಬಸದಿಯ ಪಕ್ಕದಲ್ಲಿಯೇ ಒಂದು ವ್ಯವಸ್ಥೆ ಬೇಕು. ಅದಕ್ಕೆ ಬೇಕಾದುದು ದೊಡ್ಡ ಬಂಡವಾಳವಲ್ಲ. ಒಂದು ನೋಂದಣಿ ಪುಸ್ತಕ, ಭಾನುವಾರ ಎರಡು ಗಂಟೆ ಕುಳಿತುಕೊಳ್ಳುವ ಒಬ್ಬ ವಿಶ್ವಾಸಾರ್ಹ ವ್ಯಕ್ತಿ, ಹಳೆಯದಾದರೂ ನಡೆಯುವ ಎರಡು ಗಣಕಯಂತ್ರಗಳು, ಸಂಜೆಯ ಹೊತ್ತು ಕಲಿಸಿಕೊಡುವ ಒಬ್ಬ ವಿದ್ಯಾರ್ಥಿ. ಜಾತಿ ಮತಗಳ ಭೇದವಿಲ್ಲದೆ ಊರಿನ ಯಾವ ಹಿರಿಯರಾದರೂ ಬರುವಂತಿರಬೇಕು, ಹಸಿವಿಗೆ ಗೋತ್ರವಿಲ್ಲ. ನಾವು ಪ್ರತಿವರ್ಷ ಪಂಚಕಲ್ಯಾಣ ಮಹೋತ್ಸವಗಳಲ್ಲಿ ಶಾಮಿಯಾನಕ್ಕೆ ವ್ಯಯಿಸುವ ಹಣದ ಒಂದು ಅಂಶ ಇದಕ್ಕೆ ಧಾರಾಳವಾಗಿ ಸಾಕು.

ಹೆಣ್ಣುಮಕ್ಕಳನ್ನು ಈ ಪುಸ್ತಕದಲ್ಲಿ ಮರೆಯಬಾರದು. ಗಂಡನನ್ನು ಕಳೆದುಕೊಂಡ ಅರವತ್ತರ ತಾಯಿಯು ನಲವತ್ತು ವರ್ಷ ಅಡುಗೆ ಮಾಡಿದ್ದಾಳೆ, ಮಕ್ಕಳನ್ನು ಬೆಳೆಸಿದ್ದಾಳೆ, ವೃದ್ಧರ ಶುಶ್ರೂಷೆ ಮಾಡಿದ್ದಾಳೆ. ಅನುಭವ ಎಷ್ಟೆಂದು ಅರ್ಜಿಯಲ್ಲಿ ಕೇಳಿದರೆ ಆಕೆ ಏನೂ ಇಲ್ಲವೆಂದು ಬರೆಯುತ್ತಾಳೆ. ಸೂರ್ಯಾಸ್ತಕ್ಕೆ ಮುನ್ನ ಶುದ್ಧ ಆಹಾರ ಬೇಕೆಂದು ಹುಡುಕುವ ಒಂಟಿ ವಿದ್ಯಾರ್ಥಿಗಳು, ನೌಕರಿಯ ದಂಪತಿಗಳು ಅದೇ ಊರಿನಲ್ಲಿದ್ದಾರೆ. ಇಬ್ಬರನ್ನೂ ಪರಿಚಯಿಸುವವರು ಮಾತ್ರ ಇಲ್ಲ.

ಮನೆಯವರಿಗೂ ಒಂದು ಮಾತು ಸಲ್ಲುತ್ತದೆ. ತಂದೆತಾಯಿಯರನ್ನು ಪೋಷಿಸುವುದು ಮಕ್ಕಳ ಕರ್ತವ್ಯ. 2007ರಿಂದ ಅದು ಕಾನೂನಿನ ಕರ್ತವ್ಯವೂ ಆಗಿದೆ. ಕೆಲಸ ಸಿಗುವುದೆಂಬ ನೆಪದಿಂದ ಮುದುಕರನ್ನು ದುಡಿಮೆಗೆ ದೂಡುವುದು ಅಧರ್ಮ. ಹಾಗೆಯೇ, ಜನರು ಏನೆಂದುಕೊಂಡಾರೆಂಬ ಸಂಕೋಚದಿಂದ, ದುಡಿಯಬಯಸುವ ತಂದೆಯನ್ನು ಮನೆಯಲ್ಲಿ ಕಟ್ಟಿ ಕೂರಿಸುವುದೂ ಒಂದು ಬಂಧವೇ. ಬೇಕಾದುದೆಲ್ಲವನ್ನೂ ತಂದುಕೊಡುತ್ತೇವಲ್ಲ ಎಂದು ಮಗನು ಹೇಳಬಹುದು. ಕೇಳಿ ಪಡೆಯುವ ನೂರು ರೂಪಾಯಿಗೂ ದುಡಿದು ತಂದ ನೂರು ರೂಪಾಯಿಗೂ ಇರುವ ಅಂತರ, ಕೇಳಿ ಪಡೆಯುವ ಸ್ಥಿತಿಗೆ ಬಂದವರಿಗೆ ಮಾತ್ರ ಗೊತ್ತು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೊದಲಿನ ಮೂರಕ್ಕೆ ನಮ್ಮ ಸಂಸ್ಥೆಗಳಲ್ಲಿ ನಿಧಿಗಳಿವೆ, ಫಲಕಗಳಿವೆ. ಅಭಯದಾನವೆಂದರೆ ಪ್ರಾಣಿಗಳನ್ನು ವಧೆಯಿಂದ ಬಿಡಿಸುವುದು ಮಾತ್ರವೆಂದು ತಿಳಿದಿದ್ದೇವೆ. ನಾಳೆ ಹೇಗೆ ಎಂಬ ಭಯದಲ್ಲಿ ರಾತ್ರಿ ಕಳೆಯುವ ಹಿರಿಯನಿಗೆ ನ್ಯಾಯವಾದ ಕೆಲಸವನ್ನು ನ್ಯಾಯವಾದ ವೇತನಕ್ಕೆ ಕೊಡುವುದು ಕಟ್ಟುನಿಟ್ಟಾಗಿ ಹೇಳುವುದಾದರೆ ದಾನವೇ ಅಲ್ಲ, ಋಜುವಾದ ವ್ಯವಹಾರ. ಆದರೆ ಅದರ ಫಲ ಅಭಯವೇ ಆಗಿದೆ.

ಆ ಗುಮಾಸ್ತರು ಈಗಲೂ ಮೂರರಲ್ಲೊಂದು ಭಾಗದ ಗೌರವಧನಕ್ಕೆ ಇಡೀ ದಿನ ಕುಳಿತಿದ್ದಾರೆ. ಸಂಸ್ಥೆಯ ವಾರ್ಷಿಕ ಲೆಕ್ಕವನ್ನು ಒಂದು ಪೈಸೆ ತಪ್ಪದಂತೆ ಬರೆದು ಸಭೆಯ ಮುಂದೆ ಇಡುವವರು ಅವರೇ. ಆ ಲೆಕ್ಕದಲ್ಲಿ ಅವರ ಹೆಸರಿನ ಎದುರಿಗಿರುವ ಮೊತ್ತವನ್ನು ಓದಿಯೇ ಮಂಡಳಿ ಅಂಗೀಕರಿಸುತ್ತದೆ. ಮುಂದಿನ ಸಭೆಯಲ್ಲಿ ಆ ಸಾಲು ಬಂದಾಗ ವಿಶ್ವಸ್ಥರಲ್ಲಿ ಒಬ್ಬರಾದರೂ ಪುಟ ತಿರುವುವುದನ್ನು ಕ್ಷಣಕಾಲ ನಿಲ್ಲಿಸಿ, ಇದು ಯಾವ ಸೇರಿನ ಅಳತೆ ಎಂದು ಕೇಳಲಿ.